ನೀಲಿ ಶಾಯಿ: ಪಾಠಕ್ಕೊಂದು, ಸಹಿಗೊಂದು

ಪ್ರಶ್ನೆ: ನಾನು ರಾಯಚೂರಿನ ಹೈಸ್ಕೂಲ್ ಮೇಷ್ಟ್ರು. ಟ್ರಂಕಿನಲ್ಲಿ ಬಿದ್ದಿದ್ದ ಹಳೆ ಪೆನ್ನಿಗೆ ನಿಬ್ಬು ಹಾಕಿಸಿದೆ. ಶಾಯಿ ತರಲು ಹೋದರೆ ಅಂಗಡಿಯವನು ರಾಯಲ್ ಬ್ಲೂ, ಪರ್ಮನೆಂಟ್ ಬ್ಲೂ, ಬ್ಲೂ ಬ್ಲಾಕ್ ಅಂತ ಮೂರು ಬಾಟಲಿ ಮುಂದಿಟ್ಟ. ನೀಲಿ ಅಂದರೆ ನೀಲಿ ಅಲ್ವಾ? ಯಾವುದು ತಗೊಳ್ಳಲಿ?

ಉತ್ತರ: ಎರಡು ತಗೊಳ್ಳಿ ಮೇಷ್ಟ್ರೇ. ಬೇಡದ ಖರ್ಚು ಹಚ್ಚುತ್ತಿದ್ದಾನೆ ಅಂದುಕೊಳ್ಳಬೇಡಿ. ಬಾಟಲಿ ಶಾಯಿ ವರ್ಷಗಟ್ಟಲೆ ಬರುತ್ತದೆ.

ದಿನದ ಪಾಠಟಿಪ್ಪಣಿಗೆ ರಾಯಲ್ ಬ್ಲೂ ಸಾಕು. ಕ್ಯಾಮ್ಲಿನ್ ಆಗಲಿ, ಬ್ರಿಲ್ ಆಗಲಿ, ಸ್ವಲ್ಪ ಜಾಸ್ತಿ ಕೊಡುವುದಾದರೆ ಪೆಲಿಕಾನ್ 4001 ಆಗಲಿ. ಕ್ಯಾಮ್ಲಿನ್‌ನವರು 1931ರಲ್ಲಿ ಮುಂಬೈಯಲ್ಲಿ ಶುರು ಮಾಡಿದ್ದೇ ಶಾಯಿ ಪುಡಿಯಿಂದ. ಪಾರ್ಕರ್‌ನ ಕ್ವಿಂಕ್ ಶಾಯಿ ಪೇಟೆಗೆ ಬಂದದ್ದೂ ಅದೇ ವರ್ಷ. ನಮ್ಮ ಶಾಲೆಯ ನೋಟ್‌ಬುಕ್ಕಿನ ತೆಳು ಹಾಳೆಗೆ ಪೆಲಿಕಾನ್ ನನಗೆ ಹೆಚ್ಚು ಇಷ್ಟ, ಯಾಕಂದರೆ ಅದು ಸ್ವಲ್ಪ ಒಣ ಸ್ವಭಾವದ ಶಾಯಿ, ನಿಬ್ಬಿನಿಂದ ಧಾರಾಳವಾಗಿ ಸುರಿಯುವುದಿಲ್ಲ, ಹಾಗಾಗಿ ಅಕ್ಷರದ ಅಂಚಿಗೆ ಬೇರು ಬಿಟ್ಟಂತೆ ಹರಡುವುದು ಕಡಿಮೆ.

ಆದರೆ ರಾಯಲ್ ಬ್ಲೂ ತೊಳೆದರೆ ಹೋಗುವ ಬಣ್ಣ. ನೀರು ಬಿದ್ದರೆ ಕಲೆಸಿಹೋಗುತ್ತದೆ, ಬಿಸಿಲಿಗೆ ಮಾಸುತ್ತದೆ. ಶಾಯಿ ಅಳಿಸುವ ಪೆನ್ನು ಅಂತಲೇ ಸಿಗುತ್ತದೆ, ಅದನ್ನು ಎಳೆದರೆ ಅಕ್ಷರ ಮಾಯ. ಬಣ್ಣ ಎಲ್ಲೂ ಹೋಗಿರುವುದಿಲ್ಲ, ರಾಸಾಯನಿಕವಾಗಿ ಬದಲಾಗಿ ಕಣ್ಣಿಗೆ ಕಾಣದಂತಾಗಿರುತ್ತದೆ, ಅಷ್ಟೇ. ಚೆಕ್ಕು, ಅಂಕಪಟ್ಟಿ, ಹೊಲದ ಕಾಗದಕ್ಕೆ ಇದನ್ನು ಮುಟ್ಟಿಸಲೇಬೇಡಿ.

ಅದಕ್ಕೇ ಎರಡನೇ ಬಾಟಲಿ, ಬ್ಲೂ ಬ್ಲಾಕ್. ನಮ್ಮ ಅಜ್ಜಂದಿರು ಅಳಲೆಕಾಯಿ, ಅನ್ನಭೇದಿ ಹಾಕಿ ಮಸಿ ಕಾಯಿಸುತ್ತಿದ್ದರಲ್ಲ, ಹಳೇ ಕಾಲದ ಬ್ಲೂ ಬ್ಲಾಕ್ ಅಂದರೆ ಅದೇ ಕುಲದ್ದು. ಕಾಯಿಯ ಒಗರೂ ಕಬ್ಬಿಣದ ಉಪ್ಪೂ ಸೇರಿ ಗಾಳಿಗೆ ಕಪ್ಪಾಗುತ್ತವೆ, ಕಾಗದದ ನಾರಿಗೆ ಕಚ್ಚಿಕೊಳ್ಳುತ್ತವೆ. ಬರೆದಾಗ ನೀಲಿ, ಬರಬರುತ್ತಾ ಕಪ್ಪು. ಇಂಗ್ಲೆಂಡಿನಲ್ಲಿ ಮದುವೆ, ಜನನದ ದಾಖಲೆ ಬರೆಯಲು ಬಹುಕಾಲ ಈ ಜಾತಿಯ ಶಾಯಿಯನ್ನೇ ಬಳಸುತ್ತಿದ್ದರು. ಈಗ ಬ್ಲೂ ಬ್ಲಾಕ್ ಹೆಸರಿನಲ್ಲಿ ಬರುವ ಎಷ್ಟೋ ಬಾಟಲಿಗಳಲ್ಲಿ ಕಬ್ಬಿಣವೇ ಇಲ್ಲ, ಸುಮ್ನೆ ಎರಡು ಬಣ್ಣದ ಮಿಶ್ರಣ. ಪೆಲಿಕಾನ್ 4001 ಬ್ಲೂ ಬ್ಲಾಕ್‌ನಲ್ಲಿ ಇದೆ. ಇನ್ನು ಪರ್ಮನೆಂಟ್ ಬ್ಲೂ. ಅದು ಕಾಗದದ ಮೇಲೆ ಪರ್ಮನೆಂಟ್ ಅನ್ನುವುದಕ್ಕಿಂತ ಅಂಗಿಯ ಮೇಲೆ ಪರ್ಮನೆಂಟ್ ಅನ್ನುವುದೇ ಹೆಚ್ಚು ನಿಜ. ಲೇಬಲ್ ನಂಬಬೇಡಿ. ನಾಲ್ಕು ಸಾಲು ಬರೆದು, ಒಂದು ದಿನ ಬಿಟ್ಟು, ಮೇಲೆ ಒಂದು ಹನಿ ನೀರು ಬಿಟ್ಟು ಒರೆಸಿ ನೋಡಿ. ಗೊತ್ತಾಗುತ್ತದೆ.

ಕಬ್ಬಿಣದ ಶಾಯಿ ತುಂಬಿದ ಪೆನ್ನನ್ನು ಬೇಸಿಗೆ ರಜೆಗೆ ಹಾಗೇ ಬಿಟ್ಟು ಊರಿಗೆ ಹೋಗಬೇಡಿ. ಒಳಗೆ ಒಣಗಿ ಕೂತರೆ ತೆಗೆಯುವುದು ಕಷ್ಟ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಘಟಕ. ಡೈಯಿಂಗ್‌ನವರ ಹತ್ತಿರ ಇಂಡಿಗೋ ಬೇಕಾದಷ್ಟಿದೆ. ಅದನ್ನೇ ನೀರಿಗೆ ಕದಡಿ ಪೆನ್ನಿಗೆ ಹಾಕಬಹುದಾ? ಆ ಬಣ್ಣ ಅಂದರೆ ನನಗೆ ಪ್ರಾಣ.

ಉತ್ತರ: ಪ್ರಶ್ನೆ ಓದಿ ಖುಷಿಯಾಯಿತು, ಆದರೆ ಬೇಡ. ಇಂಡಿಗೋ ನೀರಿನಲ್ಲಿ ಕರಗುವುದೇ ಇಲ್ಲ. ಡೈಯಿಂಗ್ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ, ಹೈಡ್ರೋಸ್ ಅನ್ನುವ ರಾಸಾಯನಿಕಗಳನ್ನು ಹಾಕಿ ಅದನ್ನು ಹಸಿರು ಹಳದಿ ದ್ರಾವಣ ಮಾಡುತ್ತಾರೆ, ನೂಲು ಮೇಲೆ ಬಂದು ಗಾಳಿ ತಾಕಿದ ಮೇಲೆ ನೀಲಿ ಆಗುತ್ತದೆ. ನೀವೇ ನೋಡಿರುತ್ತೀರಿ. ನೀರಿಗೆ ಕದಡಿದರೆ ಕಣಕಣವಾಗಿ ತಳಕ್ಕೆ ಕೂತು, ನಿಬ್ಬಿನ ಕೆಳಗಿನ ಕೂದಲೆಳೆಯಂಥ ಕಾಲುವೆ ಮುಚ್ಚಿಕೊಳ್ಳುತ್ತದೆ. ನಾನೂ ಒಮ್ಮೆ ಚಿತ್ರ ಬರೆಯುವ ಕಪ್ಪು ಇಂಕನ್ನು ಪೆನ್ನಿಗೆ ತುಂಬಿ ಕೆಟ್ಟಿದ್ದೇನೆ. ಅದರಲ್ಲಿ ಅರಗು ಇರುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ಪೆನ್ನು ಕಡ್ಡಿಯಾಗಿತ್ತು.

ಜೀನ್ಸ್ ಬಣ್ಣವೇ ಬೇಕಾದರೆ ಒಳ್ಳೆ ಬ್ಲೂ ಬ್ಲಾಕ್ ತಗೊಂಡು ದಪ್ಪ ನಿಬ್ಬಿನಲ್ಲಿ ಬರೆಯಿರಿ. ಗೆರೆ ಶುರುವಾಗುವಲ್ಲಿ ತಿಳಿ, ನಿಲ್ಲುವಲ್ಲಿ ಗಾಢ, ಥೇಟ್ ಮೊಣಕಾಲು ಸವೆದ ಪ್ಯಾಂಟಿನ ಹಾಗೆ. ಕೆಂಪು ಹೊಳಪು ಹೊಡೆಯುವ ಗಾಢ ನೀಲಿಗಳ ಹುಚ್ಚು ಈಗ ಜಾಸ್ತಿ. ಬಳ್ಳಾರಿ ಬೆವರಿಗೆ ಅವು ಆಗಿಬರುವುದಿಲ್ಲ. ಒಣಗಿದ ಮೇಲೂ ಅಂಗೈಗೆ ಹತ್ತುತ್ತವೆ.

ಪ್ರಶ್ನೆ: ಏಪ್ರಿಲ್ ಬಂತೆಂದರೆ ಪೆನ್ನು ತೆರೆದು ಎರಡು ನಿಮಿಷ ಯೋಚಿಸಿದರೆ ಸಾಕು, ನಿಬ್ಬು ಒಣಗಿರುತ್ತದೆ. ಶಾಯಿಯ ಬಣ್ಣವೂ ದಪ್ಪಗಾಗಿದೆ. ನೀರು ಬೆರೆಸಲಾ? (ಕೊಪ್ಪಳ)

ಉತ್ತರ: ಶಾಯಿ ಅಂದರೆ ಬಹುಪಾಲು ನೀರೇ. ನಲವತ್ತು ಡಿಗ್ರಿಯಲ್ಲಿ, ಫ್ಯಾನಿನ ಕೆಳಗೆ, ಅದು ಆವಿಯಾಗಿ ಬಣ್ಣ ಉಳಿಯುತ್ತದೆ. ಯೋಚಿಸುವಾಗ ಮುಚ್ಚಳ ಹಾಕಿ. ಒಂದೆರಡು ಹನಿ ನೀರು ಬೆರೆಸಬಹುದು, ಆದರೆ ಬೋರ್‌ವೆಲ್ ನೀರು ಬೇಡ. ಗಡಸು ನೀರಿನ ಉಪ್ಪು ಪಾತ್ರೆಗೆ ಬಿಳಿ ಪದರ ಕಟ್ಟುವಂತೆ ಒಳಗೂ ಕಟ್ಟೀತು. ಭಟ್ಟಿ ಇಳಿಸಿದ ನೀರು ತನ್ನಿ. ಬೆರೆಸುವುದನ್ನು ಪೆನ್ನಿನೊಳಗೆ ಮಾಡಿ, ಬಾಟಲಿಗೆ ಸುರಿಯಬೇಡಿ. ಬಾಟಲಿಯಲ್ಲಿ ಬೂಸ್ಟು ತಡೆಯುವ ಮದ್ದು ಇರುತ್ತದೆ, ಅದೂ ತೆಳುವಾಗುತ್ತದೆ.

ಪ್ರಶ್ನೆ: ಬಿಳಿ ಅಂಗಿ ಜೇಬಿನಲ್ಲಿ ಬ್ಲೂ ಬ್ಲಾಕ್ ಸೋರಿತು. ಬ್ಲೀಚ್ ಹಾಕಿದೆ, ಕಂದು ಕಲೆಯಾಯಿತು. ಏನು ಮಾಡಲಿ?

ಉತ್ತರ: ಅದು ತುಕ್ಕು. ಶಾಯಿಯ ಬಣ್ಣ ಹೋಯಿತು, ಕಬ್ಬಿಣ ಉಳಿಯಿತು. ಮೊದಲು ಬ್ಲೀಚನ್ನು ನೀರಿನಲ್ಲಿ ಚೆನ್ನಾಗಿ ಜಾಲಿಸಿ ತೆಗೆಯಿರಿ, ಬ್ಲೀಚನ್ನೂ ನಿಂಬೆರಸವನ್ನೂ ಒಟ್ಟಿಗೆ ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಆಮೇಲೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ, ತೊಳೆಯಿರಿ, ಮತ್ತೆ ಹಚ್ಚಿ. ಬಿಸಿಲಿಗೇನು ನಮ್ಮಲ್ಲಿ ಬರವಿಲ್ಲವಲ್ಲ.