ಏಳು ಸೀಟಿನ ಗಾಡಿಯಲ್ಲಿ ಹನ್ನೆರಡು ಜನ ಘಟ್ಟ ಇಳಿಯಬಹುದೇ?

ಪ್ರಶ್ನೆ: ಹಾಸನದಿಂದ ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಹೊರಟಿದ್ದೇವೆ. ಚಾಲಕರೂ ಸೇರಿ ಒಂಬತ್ತು ಮಂದಿ ದೊಡ್ಡವರು, ಮೂವರು ಮಕ್ಕಳು. ಗೊತ್ತುಮಾಡಿರುವುದು ಏಳು ಸೀಟಿನ ಟ್ಯಾಕ್ಸಿ. ‘ಇಂಜಿನ್ ಗಟ್ಟಿಯಾಗಿದೆ, ಲಗೇಜನ್ನು ಕ್ಯಾರಿಯರ್ ಮೇಲೆ ಕಟ್ಟೋಣ, ನಿಧಾನವಾಗಿ ಹೋಗುತ್ತೇನೆ’ ಎನ್ನುತ್ತಾರೆ ಚಾಲಕರು. ಹೋಗಬಹುದೇ?

ಉತ್ತರ: ದಯವಿಟ್ಟು ಹೋಗಬೇಡಿ. ಇಂಜಿನ್ ಎಳೆದೀತು. ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾದ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸಬೇಕಾದದ್ದು ಬ್ರೇಕು. ಏಳು ಜನರಿಗೆಂದು ಮಾಡಿದ ಗಾಡಿಗೆ ನಿಮ್ಮ ಲೆಕ್ಕದಲ್ಲಿ ಸುಮಾರು 200 ಕಿಲೋ ಹೆಚ್ಚುವರಿ ಭಾರ ಬೀಳುತ್ತದೆ. ತಿರುವು ತಿರುವಿಗೂ ಬ್ರೇಕ್ ಒತ್ತಿದಾಗ ಆ ಭಾರದ ವೇಗವೆಲ್ಲ ಶಾಖವಾಗಿ ಡಿಸ್ಕ್ ಮತ್ತು ಪ್ಯಾಡುಗಳಿಗೆ ಇಳಿಯುತ್ತದೆ. ಮೊದಲು ಚಕ್ರದ ಬಳಿ ಸುಟ್ಟ ವಾಸನೆ ಬರುತ್ತದೆ. ಪ್ಯಾಡುಗಳು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ತುಂಬಿಕೊಂಡರೆ ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿದರೆ ಅಪಾಯ ಕಡಿಮೆಯಾಗುತ್ತದೆ, ಹೋಗಿಬಿಡುವುದಿಲ್ಲ.

ಟೈರಿನ ಪಕ್ಕದ ಮೈಯನ್ನು ಒಮ್ಮೆ ನೋಡಿ. 185/65 ಆರ್ 15 88 ಎಂಬಂತೆ ಬರೆದಿರುತ್ತದೆ. ಆ ಕೊನೆಯ 88 ಎಂದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರ 560 ಕಿಲೋ. ಹಿಂದಿನ ಸೀಟುಗಳಲ್ಲಿ ಜನರನ್ನು ಒತ್ತೊತ್ತಾಗಿ ಕೂರಿಸಿದರೆ ಹೆಚ್ಚಿನ ಹೊರೆ ಹಿಂದಿನ ಎರಡು ಟೈರುಗಳ ಮೇಲೆಯೇ ಬೀಳುತ್ತದೆ. ಗಾಳಿ ಕಡಿಮೆಯಿದ್ದರಂತೂ ಟೈರು ಕಾದು ಸಿಡಿಯಬಹುದು. ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ಸಡಿಲವಾಗುತ್ತದೆ. ಕ್ಯಾರಿಯರ್ ಮೇಲಿನ ಲಗೇಜು ತಿರುವಿನಲ್ಲಿ ಗಾಡಿಯನ್ನು ಹೊರಗೆ ವಾಲಿಸುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಮಕ್ಕಳನ್ನು ನೆನೆದು. ತೊಡೆಯ ಮೇಲೆ ಕೂತ ಹತ್ತು ಕಿಲೋ ಮಗುವನ್ನು, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೆ, ಯಾವ ತಾಯಿಯ ತೋಳೂ ಹಿಡಿದಿಡಲಾರದು. ಆ ಕ್ಷಣದಲ್ಲಿ ಮಗುವಿನ ಎಳೆತ ನೂರು ಕಿಲೋ ಮೀರುತ್ತದೆ.

ಕಾನೂನಿನ ಪ್ರಕಾರ, ಆರ್‌ಸಿಯಲ್ಲಿರುವ (ಗಾಡಿಯ ನೋಂದಣಿ ಪತ್ರದಲ್ಲಿರುವ) ಏಳು ಸೀಟುಗಳಲ್ಲಿ ಚಾಲಕರೂ ಸೇರಿದ್ದಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಹೆಚ್ಚುವರಿ ಪ್ರಯಾಣಿಕರು ತಲಾ 200 ರೂಪಾಯಿ ದಂಡಕ್ಕೆ ಕಾರಣರಾಗುತ್ತಾರೆ. ಅವರನ್ನು ಇಳಿಸಿ ಬೇರೆ ವ್ಯವಸ್ಥೆ ಮಾಡುವವರೆಗೆ ಗಾಡಿ ಕದಲುವಂತಿಲ್ಲ. ದಂಡ ಚಿಕ್ಕದು, ವಿಮೆಯ ಪೆಟ್ಟು ದೊಡ್ಡದು. 42 ಜನರ ಬಸ್ಸಿನಲ್ಲಿ 90 ಜನರಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ವಿಮಾ ಕಂಪನಿಯ ಹೊಣೆ 42 ಜನರ ಪರಿಹಾರಕ್ಕೆ ಮಾತ್ರ ಎಂದಿತು. ಆ ಮೊತ್ತವನ್ನೇ ಎಲ್ಲರಿಗೂ ಹಂಚಬೇಕಾಯಿತು.

ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್ ಸಿಕ್ಕರೆ ಅದನ್ನೇ ಹೇಳಿ. ಗೊತ್ತುಮಾಡುವ ಮೊದಲು ಆ ಹನ್ನೆರಡರಲ್ಲಿ ಚಾಲಕರ ಸೀಟು ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಬಾಡಿಗೆ ಹೊರೆಯೆನಿಸಿದರೆ ಐವರು ಹಾಸನದಿಂದ ಸರ್ಕಾರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಲಿ. ಬಸ್ಸಿಗೆ ದೊಡ್ಡವರು ಹತ್ತಲಿ. ಮಕ್ಕಳು ಟ್ಯಾಕ್ಸಿಯಲ್ಲಿ, ಒಬ್ಬೊಬ್ಬರಿಗೂ ಒಂದೊಂದು ಸೀಟು, ಒಂದೊಂದು ಬೆಲ್ಟು.