ಪಾಲಿಕೆ ಬಜೆಟ್‌ಗೆ ಸಾರ್ವಜನಿಕರ ಸಲಹೆ ಕರ್ದಿದ್ದಾರೆ, ಪತ್ರ ಹೇಗೆ ಬರೆದ್ರೆ ತಗೋತಾರೆ? ಇಮೇಲ್ ಸಾಕಾ, ಸಭೆಗೆ ಹೋಗ್ಲೇಬೇಕಾ?

2018ರ ಜನವರಿಲಿ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಒಂದ್ ವಾರ ತಲೆ ಕೆಡಿಸ್ಕೊಂಡಿದ್ದೆ. ಪೇಪರಲ್ಲಿ ನಮ್ ಪಾಲಿಕೆದು ಪ್ರಕಟಣೆ ಬಂದಿತ್ತು, ಬಜೆಟ್ ಪೂರ್ವಭಾವಿ ಸಭೆ, ಸಾರ್ವಜನಿಕರು ಸಲಹೆ ಸೂಚನೆ ಕೊಡ್ಬಹುದು ಅಂತ. ಊರಿನ ಹೆಸರು ಬೇಡ, ಮಧ್ಯ ಕರ್ನಾಟಕದ ಕಡೆ ಒಂದು ಪಾಲಿಕೆ ಅನ್ಕೊಳ್ಳಿ.

ನಮ್ ಬೀದಿ ಸಮಸ್ಯೆ ಇಷ್ಟೇ. ಮೂರನೇ ಕ್ರಾಸಲ್ಲಿ ರಸ್ತೆ ಅಡಿ ಒಂದು ಮೋರಿ, ಒಳಗೆ ಒಂದೂವರೆ ಅಡಿ ಸಿಮೆಂಟ್ ಪೈಪು. ಮೇಲ್ಗಡೆ ಬರೀ ಹೊಲ ಇದ್ದಾಗ ಅಷ್ಟು ಸಾಕಾಗ್ತಿತ್ತು, ಆಮೇಲೆ ಹೊಲ ಎಲ್ಲಾ ಸೈಟಾಗಿ ಮನೆ ಎದ್ವು, ಅಲ್ಲಿಂದ ಒಂದ್ ಗಂಟೆ ಜೋರು ಮಳೆ ಬಂದ್ರೂ ನೀರು ಪೈಪಲ್ಲಿ ಹಿಡೀದೆ ಹಿಂದಕ್ಕೆ ಬಂದು ತಗ್ಗಲ್ಲಿರೋ ನಾಲ್ಕು ಮನೆಗೆ ನುಗ್ತಿತ್ತು. ಅದ್ರಲ್ಲಿ ಒಂದು ಮನೇಲಿ ಟೈಲರಿಂಗ್ ಮಾಡೋ ಒಬ್ರು ಅಕ್ಕ ಬಾಡಿಗೆಗಿದ್ರು. ಮಳೆಗಾಲ ಬಂತು ಅಂದ್ರೆ ಮಿಷನ್ನಿನ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಎತ್ತರಕ್ಕೆ ಇಡ್ತಿದ್ರು.

ಸಭೆಗೆ ಹೋದೆ. ಮೇಯರ್, ಆಯುಕ್ತರು, ಹಣಕಾಸು ಸ್ಥಾಯಿ ಸಮಿತಿ ಅಧ್ಯಕ್ಷರು ಎಲ್ಲಾ ಇದ್ರು, ನಾವು ಸಾರ್ವಜನಿಕರು ಇಪ್ಪತ್ತು ಜನಾನೂ ಇರ್ಲಿಲ್ಲ. ಮೈಕ್ ನನ್ ಹತ್ರ ಬಂದಾಗ ಮೋರಿ ವಿಷ್ಯ ಹೇಳ್ದೆ, ಫೋಟೋ ಕೊಟ್ಟೆ, ಹನ್ನೊಂದು ಪೇಜಿನ ಪತ್ರ ಕೊಟ್ಟೆ, ಅವ್ರು ಬರ್ಕೊಂಡ್ರು. ಮಾರ್ಚಲ್ಲಿ ಬಜೆಟ್ ಮಂಡನೆ ಆಯ್ತು, ಪುಸ್ತಕ ತರಿಸ್ಕೊಂಡು ನೋಡಿದ್ರೆ "ಮಳೆನೀರು ಚರಂಡಿ ಮತ್ತು ಮೋರಿಗಳ ನಿರ್ಮಾಣ" ಅಂತ ಒಂದು ಸಾಲು, ಮುಂದೆ ಎರಡು ಕೋಟಿ. ಹಿಂದಿನ ವರ್ಷ ಆ ಸಾಲೇ ಇರ್ಲಿಲ್ಲ. ಆ ಪೇಜ್ ಫೋಟೋ ತೆಗ್ದು ಬೀದಿ ಗ್ರೂಪಿಗೆ ಹಾಕ್ದೆ, ಸಂಜೆ ಆ ಅಕ್ಕನ ಮನೆ ಬಾಗಿಲಿಗೆ ಹೋಗಿ "ಆಯ್ತಕ್ಕ, ನಮ್ ಮೋರಿ ಬಜೆಟ್ಟಲ್ಲಿ ಬಂತು" ಅಂದೆ.

ಅಲ್ಲೇ ನಾನು ಕೆಟ್ಟಿದ್ದು. ಇದನ್ನ ಸ್ವಲ್ಪ ಬಿಡ್ಸಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬಜೆಟ್ ಅನ್ನೋದು ಅಂದಾಜು. ಒಂದ್ ಕಡೆ ಸ್ವೀಕೃತಿ, ಅಂದ್ರೆ ಆಸ್ತಿ ತೆರಿಗೆ, ನೀರಿನ ಕಂದಾಯ, ಉದ್ದಿಮೆ ಪರವಾನಗಿ, ಸರ್ಕಾರದ ಅನುದಾನ ಇಷ್ಟಿಷ್ಟು ಬರ್ಬಹುದು ಅಂತ, ಇನ್ನೊಂದ್ ಕಡೆ ಪಾವತಿ, ಇಷ್ಟಿಷ್ಟು ಖರ್ಚು ಮಾಡ್ಬಹುದು ಅಂತ. ಮಾಡ್ಬಹುದು ಅಷ್ಟೇ. ಎರಡು ಕೋಟಿ ಅಂತ ಬರ್ದಿದ್ರೆ ಅದು ಇಡೀ ಊರಿನ ಚರಂಡಿಗೆ, ಯಾವ ವಾರ್ಡು, ಯಾವ ಕ್ರಾಸು, ಯಾವ ಮೋರಿ ಅನ್ನೋದು ಆ ಪುಸ್ತಕದಲ್ಲಿ ಇರಲ್ಲ. ಅದು ಬರೋದು ಕ್ರಿಯಾಯೋಜನೆಲಿ. ಬಜೆಟ್ ಪಾಸಾದ್ಮೇಲೆ ಇಂಜಿನಿಯರ್‌ಗಳು ವಾರ್ಡುವಾರು ಕಾಮಗಾರಿ ಪಟ್ಟಿ ಮಾಡ್ತಾರೆ, ಸದಸ್ಯರು ತಮ್ ತಮ್ ಕೆಲಸ ಸೇರಿಸ್ತಾರೆ, ಅದಕ್ಕೆ ಅನುಮೋದನೆ ಆಗ್ಬೇಕು, ಆಮೇಲೆ ಎಸ್ಟಿಮೇಟ್, ತಾಂತ್ರಿಕ ಮಂಜೂರಾತಿ, ಟೆಂಡರ್, ವರ್ಕ್ ಆರ್ಡರ್. ನಮ್ಮಲ್ಲಿ ಆ ಪಟ್ಟಿ ಆಗಿದ್ದು ಜೂನಲ್ಲಿ. ಏಪ್ರಿಲ್, ಮೇ, ಜೂನ್ ಮೂರು ತಿಂಗಳು ನಾನು ಪಾಲಿಕೆ ಕಡೆ ತಲೆ ಹಾಕ್ಲಿಲ್ಲ, ಕೆಲಸ ಆಯ್ತು ಅನ್ಕೊಂಡು ಮನೇಲಿದ್ದೆ. ವಾರ್ಡ್ ಇಂಜಿನಿಯರ್ ಮುಖಾನೂ ನೋಡಿರ್ಲಿಲ್ಲ. ಪಟ್ಟೀಲಿ ನಮ್ ಮೋರಿ ಇರ್ಲಿಲ್ಲ. ಒಂದ್ ದಿನ ಹೋಗಿ ಕೂತಿದ್ರೆ ಸೇರ್ತಿತ್ತೇನೋ.

ಸೆಪ್ಟೆಂಬರಲ್ಲಿ ಒಂದ್ ರಾತ್ರಿ ಹುಯ್ದ ಮಳೆಗೆ ನೀರು ಇಟ್ಟಿಗೆ ಮೇಲೂ ಹತ್ತಿತು. ಬೆಳಿಗ್ಗೆ ಹೋದ್ರೆ ಮಿಷನ್ ಮೋಟರ್ ಹೋಗಿತ್ತು, ಹಬ್ಬಕ್ಕೆ ಅಂತ ಜನ ಕೊಟ್ಟಿದ್ದ ಬ್ಲೌಸ್ ಪೀಸುಗಳು ಕೆಸರಲ್ಲಿ ಅದ್ದಿ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತ್ತು. ಆ ಅಕ್ಕ ನನ್ ಮೇಲೆ ಕೂಗಾಡ್ಲಿಲ್ಲ. "ನೀವು ಆಯ್ತು ಅಂದ್ರಲ್ಲಣ್ಣ, ಅದಕ್ಕೇ ನಾನು ಈ ವರ್ಷ ಮನೆ ಬದಲಾಯಿಸ್ಲಿಲ್ಲ" ಅಂದ್ರು. ದಸರಾಗೆ ಮುಂಚೆ ಬೇರೆ ಏರಿಯಾಗೆ ಹೋದ್ರು.

ಅದಕ್ಕೇ ಹೇಳ್ತೀನಿ, ಪತ್ರ ಹೇಗೆ ಬರೀಬೇಕು ಅನ್ನೋ ಪ್ರಶ್ನೇನೇ ಸರಿ ಇಲ್ಲ. ಜನವರಿ, ಫೆಬ್ರವರಿಲಿ ಸಲಹೆ ಕೇಳೋ ಹೊತ್ತಿಗೆ ಕರಡು ಹೆಚ್ಚುಕಮ್ಮಿ ರೆಡಿ ಇರುತ್ತೆ. ಪತ್ರದ ಭಾಷೆ ತಿದ್ದೋ ಬದ್ಲು ಮೊದ್ಲು ಕಳೆದ ವರ್ಷದ ಬಜೆಟ್ ಪುಸ್ತಕ ತಗೊಳ್ಳಿ. ಅದ್ರಲ್ಲಿ ಹಿಂದಿನ ವರ್ಷ ನಿಜವಾಗಿ ಖರ್ಚಾಗಿದ್ದು, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು (ಅಂದ್ರೆ ವರ್ಷದ ನಡುವೆ ತಿದ್ದಿದ ಲೆಕ್ಕ), ಮುಂದಿನ ವರ್ಷದ ಅಂದಾಜು ಅಂತ ಕಾಲಂ ಇರುತ್ತೆ. ನಿಮ್ಗೆ ಬೇಕಾದ ಸಾಲಲ್ಲಿ ಅಂದಾಜು ಎರಡು ಕೋಟಿ ಇದ್ದು ಪರಿಷ್ಕೃತದಲ್ಲಿ ಇಪ್ಪತ್ತು ಲಕ್ಷಕ್ಕೆ ಇಳಿದಿದ್ರೆ, ಸಭೇಲಿ ಎದ್ದು ಅದೊಂದೇ ಪ್ರಶ್ನೆ ಕೇಳಿ, ಹನ್ನೊಂದು ಪೇಜು ಬೇಕಾಗಿಲ್ಲ. ಹಾಗೇ ಪಾಲಿಕೆ ಸ್ವಂತ ದುಡ್ಡಲ್ಲಿ ಶೇ 24.10 ಪರಿಶಿಷ್ಟ ಜಾತಿ ಪಂಗಡದವ್ರಿಗೆ, ಶೇ 7.25 ಇತರ ಬಡವ್ರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡ್ಬೇಕು, ಅದು ಖರ್ಚಾಗಿದ್ಯಾ ಅಂತಾನೂ ನೋಡಿ, ಅದನ್ನ ಕೇಳೋರು ಸಭೇಲಿ ಯಾರೂ ಇರಲ್ಲ, ನನ್ಗೆ ತುಂಬಾ ನೋವಾಗೋ ವಿಷ್ಯ ಅದು. ಎಲ್ಲಾ ದುಡ್ಡನ್ನೂ ಎಲ್ಲಾದಕ್ಕೂ ಹಾಕೋಕಾಗಲ್ಲ ಅನ್ನೋದೂ ತಿಳ್ಕೊಂಡಿರಿ. ಕೇಂದ್ರದ ದುಡ್ಡು ಹೇಗೆ ಹಂಚ್ಬೇಕು ಅಂತ ಹೇಳೋ 15ನೇ ಹಣಕಾಸು ಆಯೋಗ 2021-26ಕ್ಕೆ ಕೊಟ್ಟ ಅನುದಾನದಲ್ಲಿ ನಮ್ಮಂಥ ಹತ್ತು ಲಕ್ಷಕ್ಕಿಂತ ಕಮ್ಮಿ ಜನ ಇರೋ ಊರುಗಳಿಗೆ ಶೇ 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಮೀಸಲಿಟ್ಟಿತ್ತು, ಅದ್ರಲ್ಲಿ ಪಾರ್ಕ್ ಬೆಂಚ್ ಕೇಳಿದ್ರೆ ಯಾರೂ ಕೊಡೋಕಾಗಲ್ಲ.

ಪುಣೆಲಿ 2006ರಿಂದ ನಾಗರಿಕರು ಫಾರ್ಮ್ ತುಂಬಿ ತಮ್ ವಾರ್ಡಿನ ಇಂಥದ್ದೇ ಕೆಲಸ ಅಂತ ಕೇಳೋ ವ್ಯವಸ್ಥೆ ಇದೆ. ಕೆಲಸದ ಹೆಸರಲ್ಲೇ ದುಡ್ಡು ಇಡೋದು ಅಂದ್ರೆ ಅದು. ನಮ್ಮಲ್ಲಿ ಯಾಕಾಗ್ಬಾರ್ದು? 3 ಲಕ್ಷ ಇಲ್ಲಾ ಅದಕ್ಕಿಂತ ಹೆಚ್ಚು ಜನ ಇರೋ ಊರಲ್ಲಿ ವಾರ್ಡ್ ಸಮಿತಿ ಇರ್ಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಲೇ ಇದೆ, ಸಲಹೆ ಅಂತ ಹೋಗೋರು ಮೊದ್ಲು ಅದನ್ನ ಕೇಳ್ಬೇಕು. ಬೆಂಗಳೂರಿನವ್ರ ಕಷ್ಟ ಇನ್ನೂ ಜಾಸ್ತಿ ಇತ್ತು, 2020ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ್ಮೇಲೆ ವರ್ಷಗಟ್ಲೆ ಚುನಾವಣೆ ಇಲ್ದೇ ಅಧಿಕಾರಿಗಳೇ ಬಜೆಟ್ ಮಾಡ್ಕೊಂಡು ಬಂದ್ರು, ಕ್ರಿಯಾಯೋಜನೆ ಹೊತ್ತಲ್ಲಿ ಮನೆ ಬಾಗಿಲಿಗೆ ಹೋಗಿ ಕೇಳೋಕೆ ಕಾರ್ಪೊರೇಟರೇ ಇರ್ಲಿಲ್ಲ.

ಮಾರನೇ ಸಲ ನಾನು ಸಭೆಗೆ ಕಾಯ್ಲಿಲ್ಲ. ಅಕ್ಟೋಬರಲ್ಲೇ ವಾರ್ಡ್ ಇಂಜಿನಿಯರ್ ಹತ್ರ ಹೋದೆ, ಮೂರ್ನಾಲ್ಕು ಸಲ ಅಲೆದ್ಮೇಲೆ ಬಂದ್ರು, ಟೇಪ್ ಹಿಡಿದು ಅಳತೆ ತಗೊಂಡ್ರು, ಟೇಪಿನ ಇನ್ನೊಂದ್ ತುದಿ ನಾನೇ ಹಿಡ್ಕೊಂಡಿದ್ದೆ. ಎಸ್ಟಿಮೇಟ್ ಆಯ್ತು. ಅರ್ಜಿಲಿ ಒಂದೇ ಸಾಲು, ಮೂರನೇ ಕ್ರಾಸ್ ಮೋರಿ, ಪೈಪ್ ತೆಗೆದು ಬಾಕ್ಸ್ ಕಲ್ವರ್ಟ್ (ಚೌಕಾಕಾರದ ಕಾಂಕ್ರೀಟ್ ಮೋರಿ), ಎಸ್ಟಿಮೇಟ್ ಇಷ್ಟು. ಬಜೆಟ್ ಆದ್ಮೇಲೆ ಹದಿನೈದು ದಿನಕ್ಕೊಂದ್ಸಲ ಹೋದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕ್ರಿಯಾಯೋಜನೆ ಪ್ರತಿ ಕೇಳ್ದೆ, 30 ದಿನದೊಳಗೆ ಬಂತು, ಅದ್ರಲ್ಲಿ ನಮ್ ಮೋರಿ ಹೆಸರಿತ್ತು. ಈ ಸಲ ಗ್ರೂಪಿಗೆ ಹಾಕ್ಲಿಲ್ಲ. 2020ರ ಫೆಬ್ರವರಿಲಿ ಕಾಂಕ್ರೀಟ್ ಬಿದ್ದ ದಿನ ಆ ಅಕ್ಕಂಗೆ ಫೋನ್ ಮಾಡಿ ಹೇಳ್ದೆ. "ಅಲ್ಲಿ ಈಗಿರೋರ್ಗಾದ್ರೂ ಒಳ್ಳೇದಾಯ್ತು ಬಿಡಣ್ಣ" ಅಂದ್ರು.

ಇಮೇಲ್ ಕಳ್ಸಿ, ಬೇಡ ಅನ್ನಲ್ಲ, ಆದ್ರೆ ಅದ್ರದ್ದೇ ಒಂದು ಪ್ರಿಂಟ್ ತಗೊಂಡು ಹೋಗಿ ಪಾಲಿಕೆ ಆಫೀಸಿನ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ, ಜೂನಲ್ಲಿ ಅದೇ ಕಾಗದ ಹಿಡ್ಕೊಂಡು ಹೋಗ್ಬೇಕಾಗುತ್ತೆ. ಮತ್ತೆ ಪಟ್ಟಿ ಕಣ್ಣಾರೆ ನೋಡೋ ತನಕ ಬೀದೀಲಿ ಯಾರಿಗೂ ಆಯ್ತು ಅಂತ ಹೇಳ್ಬೇಡಿ. ನಿಮ್ ವಾರ್ಡಲ್ಲಿ ಯಾವ ಕೆಲಸ ಅಂತ ತಿಳ್ಸಿ, ನನ್ ಅರ್ಜಿ ನಮೂನೆ ಇನ್ನೂ ಇದೆ, ಕಳಿಸ್ತೀನಿ.