ಮನೆ ಎದುರಿನ ಕೆರೆ ನೀರು ತಿಳಿಯಾಗಿದೆ, ಮಗನಿಗೆ ಅಲ್ಲೇ ಈಜು ಕಲಿಸಬಹುದಾ?

ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ವರದಿ ಚೆನ್ನಾಗಿದ್ದರೆ ಇಳಿಸಬಹುದಲ್ಲವಾ ಎಂದೂ ಕೇಳಿದ್ದೀರಿ. ಚೆನ್ನಾಗಿ ಬಂದರೂ ಬೇಡ ಸಾರ್.

ನಮ್ಮ ಬಡಾವಣೆಯ ಕೆರೆಯಲ್ಲಿ ಸ್ಯಾಂಪಲ್ ತೆಗೆಯುವುದು ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಕೆಲಸ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಸ್ನಾನಕ್ಕೆ ಯೋಗ್ಯವಾದ ನೀರು 'ಬಿ' ದರ್ಜೆಯದು: 100 ಮಿ.ಲೀ.ನಲ್ಲಿ ಒಟ್ಟು ಕೋಲಿಫಾರ್ಮ್ (ಕೊಳಚೆ ಸೇರಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ) 500 ದಾಟಬಾರದು, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಲೀಟರಿಗೆ 3 ಮಿ.ಗ್ರಾಂ ಒಳಗಿರಬೇಕು, ಕರಗಿದ ಆಮ್ಲಜನಕ ಕನಿಷ್ಠ 5 ಮಿ.ಗ್ರಾಂ ಇರಬೇಕು. ಬೆಂಗಳೂರಿನ ಕೆರೆಗಳು ಹೆಚ್ಚಾಗಿ ಸಿಗುವುದು 'ಡಿ', 'ಇ' ಸಾಲಿನಲ್ಲಿ. 'ಡಿ' ಅಂದರೆ ಮೀನಿಗೆ ಸಾಕು, 'ಇ' ಅಂದರೆ ಹೊಲಕ್ಕೆ ಹಾಯಿಸಬಹುದು, ಅಷ್ಟೆ.

ಕೋಲಿಫಾರ್ಮ್ ಕಣ್ಣಿಗೆ ಕಾಣುವುದಿಲ್ಲ. ಜಕ್ಕೂರು ಕೆರೆಯನ್ನೇ ನೋಡಿ, ಸಂಸ್ಕರಿಸಿದ ಕೊಳಚೆ ನೀರು ಜೊಂಡಿನ ನಡುವೆ ಸೋಸಿಕೊಂಡು ಬರುತ್ತದೆ. ಹಕ್ಕಿಗಳಿಗೆ ಸ್ವರ್ಗ. ಹಾಗಂತ ಮಗು ಅದನ್ನು ಒಂದು ಗುಟುಕು ಕುಡಿಯಲಿ ಅನ್ನುತ್ತೀರಾ? ಈಜು ಕಲಿಯುವ ಮಗು ಕುಡಿದೇ ಕುಡಿಯುತ್ತದೆ.

ಇನ್ನು ವರದಿಯ ವಿಷಯ. ಬಾಟಲಿಯನ್ನು ಐಸ್ ಮೇಲಿಟ್ಟು ಅದೇ ದಿನ ಲ್ಯಾಬ್ ತಲುಪಿಸಿದರೂ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವುದಕ್ಕೆ ಎರಡು-ಮೂರು ದಿನ ಹಿಡಿಯುತ್ತದೆ. ಕಾಗದ ಕೈಗೆ ಬರುವ ಹೊತ್ತಿಗೆ ರಾತ್ರಿ ಒಂದು ಜೋರು ಮಳೆ ಬಂದು, ರಾಜಕಾಲುವೆ ಉಕ್ಕಿ, ಮೇಲಿನ ಬಡಾವಣೆಗಳ ಒಳಚರಂಡಿಯೆಲ್ಲ ಕೆರೆಗೆ ಸೇರಿದ್ದರೆ ಆ ಅಂಕಿಗಳನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಸ್ಯಾಂಪಲ್ ತೆಗೆದ ಜಾಗವೂ ಮುಖ್ಯ. ಕೋಡಿ ಹತ್ತಿರದ ನೀರು, ಕಾಲುವೆ ಬಂದು ಬೀಳುವ ಕಡೆಯ ನೀರು ಎರಡೂ ಒಂದೇ ಅಲ್ಲ. ಇಲಿಜ್ವರದ ರೋಗಾಣುವನ್ನಂತೂ ಈ ಮಾಮೂಲಿ ಪರೀಕ್ಷೆ ಹುಡುಕುವುದೇ ಇಲ್ಲ. ಇಲಿಯ ಮೂತ್ರ ಸೇರಿದ ನೀರು, ಮೊಣಕಾಲಲ್ಲೊಂದು ತರಚು ಗಾಯ, ಅಷ್ಟು ಸಾಕು ಅದಕ್ಕೆ.

ಒಮ್ಮೆ ಕಳೆ ಕೀಳಲು ನಾನು ಗಮ್‌ಬೂಟ್ ಇಲ್ಲದೆ ಇಳಿದು, ವಾರಗಟ್ಟಲೆ ಕಾಲು ತುರಿಸಿಕೊಂಡಿದ್ದೇನೆ. ಅದಕ್ಕಿಂತ ಹೆದರಿಸಿದ್ದು ಹೂಳು: ದಡದಿಂದ ನಾಲ್ಕು ಹೆಜ್ಜೆಗೆ ಮೊಣಕಾಲವರೆಗೆ ಹೂತೆ, ಇಬ್ಬರು ಎಳೆಯಬೇಕಾಯಿತು. ಹೂಳೆತ್ತಿದ ಕೆರೆಯೂ ಮೋಸವೇ, ಜೆಸಿಬಿ ತೋಡಿದ ಗುಂಡಿ ಮೇಲಿನಿಂದ ತಿಳಿಯುವುದಿಲ್ಲ.

ಈಜು ಮಾತ್ರ ಕಲಿಸಿ, ಈಜುಕೊಳದಲ್ಲಿ. ಅಲ್ಲೂ ಮೊದಲು ಆಳದ ಕಡೆ ಹೋಗಿ ನಿಂತು ನೋಡಿ. ತಳದ ಟೈಲ್ಸ್ ಗೆರೆ ಸ್ಪಷ್ಟವಾಗಿ ಕಾಣದಿದ್ದರೆ, ಟಿಕೆಟ್ ದುಡ್ಡು ಹೋದರೆ ಹೋಗಲಿ, ವಾಪಸ್ ಬನ್ನಿ.